ಕರೆಂಟು ಹೋದಾಗ ಅತ್ತೆಯ ಆಡಳಿತ

ಅಟ್ಟದ ಮೇಲಿನ ತಗಡಿನ ಟ್ರಂಕನ್ನು ಇಳಿಸಿದ್ದು ಟಾರ್ಪಾಲು ಹುಡುಕುವುದಕ್ಕೆ. ಸಿಕ್ಕಿದ್ದು ಒಂದು ಲಾಟೀನಿನ ಗಾಜು. ಮೊದಲು ಪಂಚೆಯ ತುಂಡು, ಅದರೊಳಗೆ ಒಂದು ರವಿಕೆ ಕಣ, ಅದರೊಳಗೆ ಹಳದಿಯಾದ ಪೇಪರಿನ ಹಾಳೆ. ಈ ಮೂರು ಸುತ್ತಿನೊಳಗೆ ಅದು ಬಾಣಂತಿ ಮನೆಯ ಕೂಸಿನ ಹಾಗೆ ಬೆಚ್ಚಗೆ ಮಲಗಿತ್ತು. ಬೆರಳು ಹಾಕಿ ಸವರಿ ನೋಡಿದೆ. ಒಂದಿಷ್ಟೂ ಮಸಿಯಿಲ್ಲ. ಲಾಟೀನು ಮಾತ್ರ ಎಂದೋ ಗುಜರಿಯವನ ತಕ್ಕಡಿ ಹತ್ತಿ ಹೋಗಿದೆ. ನಮ್ಮ ಮನೆಯಲ್ಲಿ ಹೀಗೆಯೇ. ಡಬ್ಬಿ ಕಳೆದರೂ ಮುಚ್ಚಳ ಉಳಿಯುತ್ತದೆ, ಕೊಡೆ ಹರಿದರೂ ಹಿಡಿ ಉಳಿಯುತ್ತದೆ, ಯಾವುದನ್ನೂ ಎಸೆಯುವ ಧೈರ್ಯ ನನಗಿಲ್ಲ.

ಗಾಜನ್ನು ಮಡಿಲಲ್ಲಿಟ್ಟುಕೊಂಡು ಏಣಿಯ ಬುಡದಲ್ಲಿ ಕೂತವಳು ಕೂತೇಬಿಟ್ಟೆ. ಟಾರ್ಪಾಲು ಮರೆತುಹೋಯಿತು. ಒಲೆಯ ಮೇಲೆ ಹಾಲಿಟ್ಟಿದ್ದೂ ಮರೆತುಹೋಯಿತು. ಅದರ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ.

ನಮ್ಮ ಶಿಕಾರಿಪುರದ ಕಡೆ ಮಳೆಗಾಲದ ಮಳೆಗಿಂತ ಅದಕ್ಕೆ ಮುಂಚೆ ಬರುವ ಗಾಳಿಮಳೆಗೆ ಹೆದರಬೇಕು. ಬರುವುದು ಅರ್ಧ ಗಂಟೆ. ಅಷ್ಟರಲ್ಲಿ ನಾಲ್ಕು ಕಂಬ ಮಲಗುತ್ತವೆ, ರಸ್ತೆಗೆ ಅಡ್ಡಲಾಗಿ ಮರ ಬೀಳುತ್ತದೆ, ಯಾರದೋ ಮನೆಯ ತಗಡು ಇನ್ಯಾರದೋ ಹಿತ್ತಿಲಲ್ಲಿ ಸಿಗುತ್ತದೆ. ಆಮೇಲೆ ಕರೆಂಟು ಎರಡು ದಿನಕ್ಕೆ ಬಂದರೆ ನಮ್ಮ ಪುಣ್ಯ. ಅದಕ್ಕೇ ಯುಗಾದಿ ಕಳೆದು ಭರಣಿ ಮಳೆಯ ಮಾತು ಶುರುವಾಯಿತೆಂದರೆ ನನ್ನ ಕಾಲಿಗೆ ಚಕ್ರ. ಹಿಂದಿನ ಭಾಗದ ಹಂಚಿಗೆ ಕೈಯಾಡಿಸಬೇಕು, ತಂತಿಗೆ ತಾಗುವ ನುಗ್ಗೆ ಕೊಂಬೆ ಕಡಿಸಬೇಕು, ಸೌದೆ ಒಳಗೆ ಹಾಕಬೇಕು, ಗಿರಣಿಗೆ ಹೋಗಿ ಒಂದು ತಿಂಗಳಿಗಾಗುವಷ್ಟು ಹಿಟ್ಟು ಬೀಸಿಸಿಕೊಂಡು ಬರಬೇಕು. ಕಡ್ಡಿಪೆಟ್ಟಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಅಕ್ಕಿ ಡ್ರಮ್ಮಿನಲ್ಲಿ ಹೂತಿಡಬೇಕು. ಇಲ್ಲದಿದ್ದರೆ ತಂಡಿಗೆ ಮೆತ್ತಗಾಗಿ, ಹತ್ತು ಕಡ್ಡಿ ಗೀರಿದರೂ ಒಂದು ಹೊತ್ತುವುದಿಲ್ಲ. ಮೋಡ ಕಂಡರೆ ಸಾಕು, ಮೊದಲು ಮೋಟಾರು ಹಾಕಿ ತೊಟ್ಟಿ ತುಂಬಿಸಬೇಕು, ಆಮೇಲೆ ಮಿಕ್ಸಿಯಲ್ಲಿ ಆಗುವುದನ್ನೆಲ್ಲ ರುಬ್ಬಿಟ್ಟುಕೊಳ್ಳಬೇಕು, ಆಮೇಲೆ ಮೊಬೈಲುಗಳನ್ನು ಸಾಲಾಗಿ ಚಾರ್ಜಿಗೆ ಹಾಕಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವ ಜಾತಿ ನಮ್ಮದಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು.

ಈ ವರ್ಷ ಇಷ್ಟೆಲ್ಲ ಆದರೂ ಒಂದು ವಿಷಯ ಮಾತ್ರ ನನ್ನ ಕೈಯಲ್ಲಿರಲಿಲ್ಲ. ನಮ್ಮ ಅತ್ತೆ ಹೊಸಬಾಳೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದರು. ಅಲ್ಲಿ ಅವರ ಮಗಳು ನಾಗವೇಣಿಯ ಮನೆ. ಎರಡು ದಿನ ಇದ್ದು ಬರುವುದಕ್ಕಲ್ಲ, ಇನ್ನು ಅಲ್ಲೇ ಇರುವುದಕ್ಕೆ. ಬಟ್ಟೆಯ ಗಂಟೂ ಕಟ್ಟಿ ಮಂಚದ ಕಾಲ ಬಳಿ ಇಟ್ಟುಕೊಂಡಿದ್ದರು. ನಾನು ಈ ಮನೆಗೆ ಬಂದು ನಲವತ್ತು ವರ್ಷವಾಗುತ್ತ ಬಂತು. ಅಷ್ಟು ವರ್ಷದಲ್ಲಿ ಅತ್ತೆ ಬೇರೆ ಮನೆಯಲ್ಲಿ ನಾಲ್ಕು ರಾತ್ರಿ ಮಲಗಿದ್ದರೆ ಹೆಚ್ಚು. ಯಾಕೆಂದರೆ ಅವರಿಗೆ ಕಣ್ಣು ಕಾಣುವುದಿಲ್ಲ. ಮೂವತ್ತೈದರ ಹೊತ್ತಿಗೇ ಎರಡೂ ಕಣ್ಣು ಹೋದವು. ಕಣ್ಣಿದ್ದವರಿಗೆ ಊರೆಲ್ಲ ಮನೆ, ನನಗೆ ಈ ಮನೆಯೊಂದೇ ಊರು ಎನ್ನುತ್ತಿದ್ದವರು ಈಗ ಊರನ್ನೇ ಬಿಡಲು ಹೊರಟಿದ್ದರು. ಅದಕ್ಕೆ ಕಾರಣ ನನ್ನ ಮಗ ತಂದಿಟ್ಟ ಒಂದು ಇನ್ವರ್ಟರು. ಆ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ನನ್ನ ಹೇಡಿತನದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಯಾವುದೂ ಅರ್ಥವಾಗುವುದಿಲ್ಲ.

ನನ್ನ ತವರು ಸೊರಬ. ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನದೊಂದು ಸಣ್ಣ ಹೋಟೆಲಿತ್ತು, ಅದರ ಹಿಂದೆಯೇ ಮನೆ. ಗಾಳಿಮಳೆ ಬರುವ ಹೊತ್ತಿಗೆ ನಮ್ಮಮ್ಮ ಒಂದು ಮಣೆ ತಂದು ಅಂಗಳದ ನಡುವೆ ಹಾಕುತ್ತಿದ್ದಳು. ಗಾಳಿ ದೂರದಿಂದ ಬಂದಿರುತ್ತದೆ, ದಣಿದಿರುತ್ತದೆ, ಕೂರುವುದಕ್ಕೆ ಕೊಟ್ಟರೆ ಸುಮ್ಮನಾಗುತ್ತದೆ ಎನ್ನುವುದು ಅವಳ ನಂಬಿಕೆ. ಮಣೆ ಹಾಕಿ, ಬಾಗಿಲಲ್ಲಿ ನಿಂತು, ಬಂದ ನೆಂಟರಿಗೆ ಹೇಳುವಂತೆಯೇ ಹೇಳುತ್ತಿದ್ದಳು: “ಬಂದ್ಯಾ ಮಾರಾಯ, ಕೂತ್ಕ. ಎಂತಕ್ಕೆ ಅಷ್ಟು ಅವಸರ?” ಒಂದು ವರ್ಷ ಗಾಳಿ ಕೂರಲಿಲ್ಲ. ಮಣೆಯನ್ನೇ ಎತ್ತಿಕೊಂಡು ಹೋಗಿ ಪಕ್ಕದ ಸೈಕಲ್ ಅಂಗಡಿಯ ತಗಡಿನ ಮೇಲೆ ಹಾಕಿತು. ಅಪ್ಪ ಮರುದಿನ ಅದನ್ನು ಇಳಿಸಿಕೊಂಡು ಬಂದು, ನಿನ್ನ ನೆಂಟ ಮಣೆ ವಾಪಸು ಕಳಿಸಿದಾನೆ ಎಂದು ಅಮ್ಮನ ಮುಂದಿಟ್ಟ. ಅಮ್ಮ ಒಂದು ವಾರ ಅಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆ ಮಣೆ ಹಾರಿದ್ದನ್ನು ಕಣ್ಣಾರೆ ನೋಡಿದ ದಿನದಿಂದ ನನಗೆ ಗಾಳಿ, ಗುಡುಗು, ಕತ್ತಲೆ ಮೂರೂ ಒಟ್ಟಿಗೆ ಬಂದರೆ ಕೈಕಾಲು ಆಡುವುದಿಲ್ಲ. ಹಾಸಿಗೆ ಸುರುಳಿಯ ಹಿಂದೆ ಹೋಗಿ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ದೊಡ್ಡವಳಾದ ಮೇಲೆ ಸರಿಹೋಗುತ್ತದೆ ಎಂದರು. ಆಗಲಿಲ್ಲ. ಪ್ರೈಮರಿ ಶಾಲೆಯ ಟೀಚರಾದೆ. ಒಂದು ಮಧ್ಯಾಹ್ನ ಮೂರನೇ ಕ್ಲಾಸಿನವರಿಗೆ, ಗುಡುಗು ಬರೀ ಸದ್ದು, ಅದು ಯಾರನ್ನೂ ಏನೂ ಮಾಡುವುದಿಲ್ಲ ಎಂದು ಪಾಠ ಹೇಳುತ್ತಿದ್ದೆ. ಆಗಲೇ ಗುಡುಗಿತು. ಕಣ್ಣು ಬಿಟ್ಟಾಗ ಮೇಜಿನ ಕೆಳಗಿದ್ದೆ. ಮಕ್ಕಳು ಬಗ್ಗಿ ಬಗ್ಗಿ ನನ್ನನ್ನು ನೋಡುತ್ತಿದ್ದರು. ನಿವೃತ್ತಿಯಾಗಿ ಎರಡು ವರ್ಷವಾದರೂ ಸಂತೆಯಲ್ಲಿ ಸಿಗುವ ಹಳೇ ಶಿಷ್ಯರು ನನ್ನ ಬೇರೆ ಯಾವ ಪಾಠವನ್ನೂ ನೆನಪಿಟ್ಟುಕೊಂಡಿಲ್ಲ.

ಇಂಥವಳು ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ಬಂದ ಮೂರನೇ ತಿಂಗಳಿಗೆ, ಅತ್ತೆಯ ಕಣ್ಣಿಗೆ ಒಳ್ಳೆಯವಳಾಗಬೇಕೆಂದು ಇಡೀ ಮನೆಯನ್ನು ಗುಡಿಸಿ ಸಾರಿಸಿ ಒಪ್ಪ ಮಾಡಿದೆ. ಅತ್ತೆಗೆ ಕಣ್ಣಿಲ್ಲ ಎನ್ನುವುದು ಆ ಉತ್ಸಾಹದಲ್ಲಿ ಮರೆತೇ ಹೋಗಿತ್ತು. ನಡುಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಮಸಿ ಹಿಡಿದ ಬುಡ್ಡಿ ದೀಪ, ಒಂದು ಕಡ್ಡಿಪೆಟ್ಟಿಗೆ. ನೋಡಲು ಲಕ್ಷಣವಾಗಿಲ್ಲ ಎಂದು ಅವೆರಡನ್ನೂ ಎತ್ತಿ ಅಡುಗೆಮನೆಯ ಮೂಲೆಗೆ ಹಾಕಿ, ಆ ಜಾಗದಲ್ಲಿ ಮದುವೆಗೆ ಉಡುಗೊರೆ ಬಂದ ಆರು ಗಾಜಿನ ಲೋಟ ಜೋಡಿಸಿದೆ. ಕೆಂಪು ಹೂವಿನ ಲೋಟಗಳು. ಬಂದವರೆಲ್ಲ ನೋಡಲಿ ಎನ್ನುವ ಆಸೆ.

ನೋಡುವುದಕ್ಕೆ ಮೊದಲು ಬಂದದ್ದು ಗಾಳಿಮಳೆ. ಸಂಜೆ ದೀಪ ಹಚ್ಚುವ ಹೊತ್ತು. ಮನೆಯಲ್ಲಿ ಮಾವನವರ ಕಡೆಯ ಇಬ್ಬರು ನೆಂಟರೂ ಇದ್ದರು. ಪಟ್ಟನೆ ಕರೆಂಟು ಹೋಯಿತು. ನಾನು ಇದ್ದಲ್ಲೇ ಕುಕ್ಕರಿಸಿದೆ. ಅತ್ತೆ ಎಂದಿನಂತೆ ಎದ್ದು, ಗೂಡಿನ ಹತ್ತಿರ ಹೋಗಿ, ಎಂದಿನಂತೆ ಕೈಹಾಕಿದರು. ನಾಲ್ಕು ಲೋಟ ಒಟ್ಟಿಗೆ ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಯಾರೋ ಬೀಡಿ ಹಚ್ಚಲು ಇಟ್ಟುಕೊಂಡಿದ್ದ ಕಡ್ಡಿ ಗೀರಿದಾಗ ಅತ್ತೆಯ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಮಾವನವರಿಗೆ ಸಿಟ್ಟು ಬಂತು. ಗೂಡಲ್ಲಿ ಗಾಜು ಇಟ್ಟವರು ಯಾರು ಎಂದು ಕೇಳಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅತ್ತೆ ಸೆರಗಿನಿಂದ ಕೈ ಒತ್ತಿ ಹಿಡಿದುಕೊಂಡು, ನಾನೇ ಇಡಿಸಿದ್ದೆ, ಮರೆತುಬಿಟ್ಟಿದ್ದೆ ಎಂದರು. ಅಷ್ಟೇ. ಅಲ್ಲಿಗೆ ಮಾತು ಮುಗಿಯಿತು.

ಮರುದಿನ ಗಂಡಸರೆಲ್ಲ ಹೊರಗೆ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. ಬಯ್ಯುತ್ತಾರೆ, ಬಯ್ಯಲಿ ಎಂದುಕೊಂಡು ಹೋದೆ. ಪಟ್ಟಿ ಕಟ್ಟಿದ್ದ ಕೈಯಿಂದಲೇ ನನ್ನ ಕೈ ಹಿಡಿದುಕೊಂಡರು. ಕಣ್ಣು ಮುಚ್ಚಿಕೋ ಎಂದರು. ಮುಚ್ಚಿಕೊಂಡೆ. ಹಾಗೇ ಮನೆಯೆಲ್ಲ ಸುತ್ತಿಸಿದರು. ಹೊಸ್ತಿಲಿಂದ ಕಂಬಕ್ಕೆ ಆರು ಹೆಜ್ಜೆ. ಕಂಬದಿಂದ ಗೂಡಿಗೆ ಮೂರು. ಗೂಡಿನ ಎಡಕ್ಕೆ ಗೇಣು ದೂರದಲ್ಲಿ ಮೊಳೆ, ಮೊಳೆಗೆ ಲಾಟೀನು. ಅಡುಗೆಮನೆಯಲ್ಲಿ ಉಪ್ಪು ಎಲ್ಲಿ, ಖಾರ ಎಲ್ಲಿ, ಹಿತ್ತಿಲ ಬಾಗಿಲ ಅಗಳಿ ಎಷ್ಟು ಎತ್ತರಕ್ಕೆ, ಎಲ್ಲವನ್ನೂ ನನ್ನ ಕೈಯಿಂದ ಮುಟ್ಟಿಸಿದರು. ಕೊನೆಗೆ ಹೇಳಿದ್ದು ಒಂದೇ ಮಾತು: “ನನಗೆ ಬೇರೆ ಏನೂ ಬ್ಯಾಡವ್ವ. ಇಟ್ಟಿದ್ದು ಇಟ್ಟಲ್ಲಿ ಇರ್ಲಿ.” ನನ್ನ ತವರಿನಲ್ಲಿ ಹೆಣ್ಣು ಒಪ್ಪಿಸುವಾಗ ಎಷ್ಟೋ ಬುದ್ಧಿಮಾತು ಹೇಳಿ ಕಳಿಸಿದ್ದರು. ಅವೆಲ್ಲ ಯಾವ ಕೆಲಸಕ್ಕೂ ಬರಲಿಲ್ಲ. ಇದೊಂದು ಮಾತನ್ನು ಹಿಡಿದುಕೊಂಡು ಸಂಸಾರ ಮಾಡಿಬಿಟ್ಟೆ.

ಆ ವರ್ಷದಿಂದ ನಮ್ಮ ಮನೆಯಲ್ಲಿ ತಾಲೀಮು ಶುರುವಾಯಿತು. ಮೊದಲ ಗುಡುಗು ಕೇಳಿದ ಮರುದಿನ ಮಧ್ಯಾಹ್ನ ಎಲ್ಲರ ಕಣ್ಣಿಗೂ ಟವೆಲು. ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತು ಒಬ್ಬೊಬ್ಬರಿಗೂ ಒಂದೊಂದು ಹುಕುಂ ಮಾಡುತ್ತಿದ್ದರು. ನೀನು ಹೋಗಿ ಕಡ್ಡಿಪೆಟ್ಟಿಗೆ ತಾ, ನೀನು ಹಿತ್ತಿಲ ಅಗಳಿ ಹಾಕಿ ಬಾ, ನೀನು ಒಂದು ಲೋಟ ನೀರು ಚೆಲ್ಲದೆ ತಾ. ಬಂದ ನೆಂಟರಿಗೂ ರಿಯಾಯಿತಿ ಇರಲಿಲ್ಲ. ಕುಬಟೂರಿಂದ ಬಂದಿದ್ದ ನಮ್ಮ ದೊಡ್ಡಪ್ಪನವರು ಕಣ್ಣಿಗೆ ಟವೆಲು ಕಟ್ಟಿಕೊಂಡು ಕಡ್ಡಿಪೆಟ್ಟಿಗೆ ಹುಡುಕಲು ಹೋಗಿ ಮಜ್ಜಿಗೆ ಗಡಿಗೆಯೊಳಗೆ ಮೊಣಕೈವರೆಗೆ ಇಳಿದಿದ್ದರು. ನಮ್ಮ ಮನೆಯವರು, ಅಂದರೆ ನನ್ನ ಯಜಮಾನರು, ಹುಟ್ಟಿ ಬೆಳೆದ ಮನೆಯಲ್ಲೇ ಪ್ರತಿ ವರ್ಷವೂ ಫೇಲು. ನನ್ನ ಮಗ ಶಿವು ಚಿಕ್ಕವನಿದ್ದಾಗ ಟವೆಲಿನ ಸಂದಿಯಿಂದ ಇಣುಕುತ್ತಿದ್ದ. ಅತ್ತೆಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿದವರು ಕಾಲನ್ನು ಮೊದಲು ಊರಿ ಆಮೇಲೆ ಭಾರ ಬಿಡುತ್ತಾರಂತೆ, ಕಣ್ಣು ಬಿಟ್ಟವರು ದಡದಡ ನಡೆಯುತ್ತಾರಂತೆ. ನನಗೆ ಮಾತ್ರ ಯಾವಾಗಲೂ ಫಸ್ಟ್ ಕ್ಲಾಸು. ಹೆದರಿದವರು ಚೆನ್ನಾಗಿ ಕಲಿಯುತ್ತಾರೆ.

ನಿಜವಾಗಿ ಗಾಳಿಮಳೆ ಬಂದು ಕರೆಂಟು ಹೋದಾಗ ಮನೆಯ ಆಡಳಿತವೆಲ್ಲ ಅತ್ತೆಯ ಕೈಗೆ ಹೋಗುತ್ತಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಲ್ಲಿ ಆ ಎರಡು ಕಾಲವನ್ನು ವಿದ್ಯುತ್ ಇಲಾಖೆಯವರು ದಿನಾ ಹಂಚಿಕೊಡುತ್ತಿದ್ದರು. ಬೆಳಕಿರುವವರೆಗೆ ಅತ್ತೆ ಮಂಚದ ಮೇಲೆ, ಒಂದು ಲೋಟ ನೀರು ಬೇಕಾದರೂ ನಾವು ಕೊಡುವವರೆಗೆ ಕಾಯುತ್ತ ಕೂತಿರುವ ಮುದುಕಿ. ಕರೆಂಟು ಹೋಯಿತೋ, ನಾವೆಲ್ಲ ಒಟ್ಟಿಗೆ “ಅತ್ತೆ”, “ಅವ್ವ”, “ಅಜ್ಜಿ” ಎಂದು ಕೂಗುವವರು. ಅವರು ಮೊದಲು ಹೇಳುತ್ತಿದ್ದದ್ದು, ಎಲ್ಲರೂ ಇದ್ದಲ್ಲೇ ನಿಲ್ಲಿ ಎಂದು. ಆಮೇಲೆ ಬಂದು ಒಬ್ಬೊಬ್ಬರನ್ನೇ ಕೈಹಿಡಿದು ಕಂಬದ ಹತ್ತಿರ ಕೂರಿಸಿ, ದೀಪ ಹಚ್ಚಿ, ಕಿಟಕಿ ಹಾಕಿ, ಹಿತ್ತಿಲಿಂದ ಒಣಗಿದ ಬಟ್ಟೆ ತಂದು, ಅವಲಕ್ಕಿಗೋ ಮಂಡಕ್ಕಿಗೋ ಒಗ್ಗರಣೆ ಹಾಕಿ ಬಡಿಸುತ್ತಿದ್ದರು. ದೀಪದ ಬೆಳಕಿನಲ್ಲಿ ಅವರ ಮುಖ ನೋಡಬೇಕಿತ್ತು. ಮಗಳ ಮದುವೆ ಮಾಡುತ್ತಿರುವವರ ಮುಖ. ನಾನು ಅವರ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ಹಿಂದೆಯೇ ತಿರುಗುತ್ತಿದ್ದೆ. ಸಿಡಿಲು ಬಡಿದರೆ ಅವರು ತಿರುಗಿ ನನ್ನ ತಲೆ ಮುಟ್ಟಿ ಮುಂದೆ ಹೋಗುತ್ತಿದ್ದರು. ನನ್ನ ಹೆತ್ತಮ್ಮನೂ ನನ್ನ ಹೆದರಿಕೆಯನ್ನು ಅಷ್ಟು ತಾಳ್ಮೆಯಿಂದ ನೋಡಿಕೊಂಡಿರಲಿಲ್ಲ.

ಈಗ ಇನ್ವರ್ಟರಿಗೆ ಬರೋಣ. ಶಿವು ಊರಲ್ಲೇ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಫ್ಯಾನು, ವೈರು, ಸ್ವಿಚ್ಚು, ಇನ್ವರ್ಟರು ಎಲ್ಲ ಮಾರುತ್ತಾನೆ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಗಿರಾಕಿ, ನಿಮ್ಮ ಮನೇಲಿ ಯಾವ ಇನ್ವರ್ಟರ್ ಹಾಕ್ಸಿದೀರಿ ಎಂದು ಕೇಳಿದನಂತೆ. ನಮ್ಮ ಮನೇಲಿ ಅಜ್ಜಿ ಇದೆ ಎನ್ನುವುದಕ್ಕಾಗುತ್ತದೆಯೇ? ಊರಿಗೆ ಉಪಕಾರಿ ಮನೆಗೆ ಮಾರಿ ಆದೆನಲ್ಲ ಎಂದು ಅವನಿಗೇ ನಾಚಿಕೆಯಾಗಿ ಮರುದಿನವೇ ಒಂದನ್ನು ತಂದು ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿಯಲ್ಲಿ ಇಟ್ಟ. ಅತ್ತೆ ಮೊದಲ ದಿನವೇ ಅದಕ್ಕೆ ಮೊಣಕಾಲು ಹೊಡೆಸಿಕೊಂಡರು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಆ ಓಣಿಯಲ್ಲಿ ಮತ್ತೆ ಮತ್ತೆ ಓಡಾಡಿ ಹೆಜ್ಜೆಗಳನ್ನು ಹೊಸದಾಗಿ ಲೆಕ್ಕ ಹಾಕಿಕೊಂಡಿದ್ದನ್ನು ನಾನು ನೋಡಿದೆ.

ನಮಗೆಲ್ಲ ಬಲು ಖುಷಿ. ಹೊರಗೆ ಬೀದಿಯೆಲ್ಲ ಕತ್ತಲು, ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತದೆ, ಟಿವಿ ಓಡುತ್ತದೆ. ನನಗಂತೂ ಗುಡುಗಿನ ಹೆದರಿಕೆ ಅರ್ಧ ಇಳಿಯಿತು. ಅತ್ತೆಯನ್ನು ನಾನು ಆಗ ಗಮನಿಸಲಿಲ್ಲ. ಈ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಈ ವರ್ಷ ಬೇಸಿಗೆಯ ಮೊದಲ ಗುಡುಗಿಗೆ ಅವರು ಮಂಚದಿಂದ ಎದ್ದು ಕಂಬದ ಹತ್ತಿರ ಬಂದು ನಿಂತರು. ಯಾರಾದರೂ ಕೂಗುತ್ತಾರೆಂದು ಕಾದರು. ನಾವು ಟಿವಿ ನೋಡುತ್ತಿದ್ದೆವು. ಕರೆಂಟು ಹೋಗಿ, ಒಂದು ಗಂಟೆ ಬಿಟ್ಟು ಬಂದದ್ದೂ ನಮಗೆ ಸರಿಯಾಗಿ ತಿಳಿಯಲಿಲ್ಲ. ಅತ್ತೆ ಮೆಲ್ಲಗೆ ಕೇಳಿದರು: “ಸರೋಜಾ, ಕರೆಂಟ್ ಐತೇನೆ, ಹೋತೇನೆ?” ಐತೆ ಅತ್ತೆ, ನೀವು ಮಲಗಿ ಎಂದೆ. ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋಗಿ ಮಲಗಿದರು. ಈ ವರ್ಷದ ತಾಲೀಮನ್ನು ಯಾರೂ ನೆನಪಿಸಲಿಲ್ಲ, ಅವರೂ ಕೇಳಲಿಲ್ಲ.

ಆಮೇಲೆ ಶುರುವಾದದ್ದು ಹೊಸಬಾಳೆಯ ಜಪ. ಊಟ ಕಡಿಮೆಯಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು. ನಾಗವೇಣಿಯ ಮನೆಯಲ್ಲಿ ಇನ್ವರ್ಟರು ಇಲ್ಲವಂತೆ, ಅವಳು ಪಾಪ ಕತ್ತಲಲ್ಲಿ ಒದ್ದಾಡುತ್ತಾಳಂತೆ. ಅಲ್ಲಿ ನಿಮಗೆ ದಾರಿ ಗೊತ್ತಿಲ್ಲ, ಕೊಟ್ಟಿಗೆ ಮೆಟ್ಟಿಲು ಬೇರೆ ಇದೆ, ಬಿದ್ದರೆ ಏನು ಗತಿ ಎಂದು ನಮ್ಮ ಮನೆಯವರು ಹೇಳಿ ನೋಡಿದರು, ಗದರಿಯೂ ನೋಡಿದರು. ಎಂಬತ್ತು ದಾಟಿದ ಕಣ್ಣಿಲ್ಲದ ಹೆಂಗಸು ಹೊಸ ಮನೆಯ ಹೆಜ್ಜೆಗಳನ್ನು ಒಂದರಿಂದ ಕಲಿಯುತ್ತೇನೆ ಎಂದರೆ ಒಪ್ಪುವುದು ಹೇಗೆ? ನಾಗವೇಣಿ ಭಾನುವಾರ ಕಾರು ಮಾಡಿಕೊಂಡು ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು. ನಾನು ಅತ್ತೆಯ ಪಕ್ಕ ಕೂತು, ನಿಮ್ಮನ್ನು ಯಾರು ಏನಂದರು, ನನ್ನಿಂದ ಏನು ತಪ್ಪಾಯಿತು ಎಂದು ಕೇಳಿದೆ. ಅವರು ನನ್ನ ಕಡೆ ಮುಖ ತಿರುಗಿಸಿ ಹೇಳಿದರು: “ಯಾರೂ ಏನೂ ಅಂದಿಲ್ಲವ್ವ. ಯಾರೂ ಏನೂ ಅನ್ನಲ್ಲ. ಅದ್ಕೇ ಹೋಗ್ತೀನಿ.”

ಅದಾಗಿ ಎರಡು ದಿನಕ್ಕೆ, ಶುಕ್ರವಾರ, ನಾನು ಟಾರ್ಪಾಲಿಗೆಂದು ಅಟ್ಟ ಹತ್ತಿದ್ದು, ಗಾಜು ಮಡಿಲಲ್ಲಿಟ್ಟುಕೊಂಡು ಕೂತದ್ದು. ಕೂತಲ್ಲಿ ಇಷ್ಟೂ ನೆನಪಾಯಿತು. ಹಾಲಿನ ಪಾತ್ರೆ ಉಜ್ಜುತ್ತಾ ಬುದ್ಧಿಯೂ ಬಂತು. ಅತ್ತೆ ಕೇಳಿದ್ದು ಇಟ್ಟಿದ್ದು ಇಟ್ಟಲ್ಲಿ ಇರಲಿ ಎಂದು. ಉಪ್ಪು, ಖಾರ, ಅಗಳಿ, ಕಡ್ಡಿಪೆಟ್ಟಿಗೆ ಎಲ್ಲವನ್ನೂ ನಲವತ್ತು ವರ್ಷ ಇದ್ದಲ್ಲೇ ಇಟ್ಟವಳು, ಅತ್ತೆಯನ್ನೇ ಜಾಗ ಬದಲಿಸಿ ಮೂಲೆಗೆ ಹಾಕಿದ್ದೆ.

ಅವತ್ತು ಸಂಜೆ ಐದಕ್ಕೆಲ್ಲ ಕೆರೆಯ ಕಡೆ ಮೋಡ ಕವಿದುಕೊಂಡಿತು. ಗಾಳಿ ನಿಂತು ಮೈಯೆಲ್ಲ ಬೆವರು. ಶಿವು ಅಂಗಡಿಯಲ್ಲಿದ್ದ. ನಮ್ಮ ಮನೆಯವರು ಜಗಲಿಯಲ್ಲಿ ಕೂತು ಮೆಕ್ಕೆಜೋಳದ ಬೀಜದ ಚೀಲಕ್ಕೆ ಹೊದಿಕೆ ಹಾಕುತ್ತಿದ್ದರು. ತೊಟ್ಟಿ ತುಂಬಿಸಿದೆ, ರುಬ್ಬಿಟ್ಟೆ, ಮೊಬೈಲು ಚಾರ್ಜಿಗೆ ಹಾಕಿದೆ. ಆಮೇಲೆ ಓಣಿಗೆ ಹೋಗಿ ಇನ್ವರ್ಟರಿನ ಮುಂದೆ ನಿಂತೆ. ದೂರದಲ್ಲಿ ಆಗಲೇ ಗುಡುಗುತ್ತಿತ್ತು. ಬೇಡ ಎಂದು ಅಡುಗೆಮನೆಗೆ ಬಂದೆ. ಮತ್ತೆ ಹೋದೆ. ಕಣ್ಣು ಮುಚ್ಚಿಕೊಂಡು ಸ್ವಿಚ್ಚು ಕೆಳಗೆ ಮಾಡಿಬಿಟ್ಟೆ.

ಹತ್ತು ನಿಮಿಷಕ್ಕೆ ಗಾಳಿ ಬಂತು. ಹಿಂದಿನ ಹಂಚು ಟಕಟಕ ಎಂದಿತು, ಯಾರದೋ ತಗಡು ಬೀದಿಯಲ್ಲಿ ಉರುಳಿಕೊಂಡು ಹೋಯಿತು, ಕರೆಂಟು ಹೋಯಿತು. ಮೋಡಕ್ಕೆ ಹಗಲೇ ಕಪ್ಪಾಗಿತ್ತು, ಮನೆಯೊಳಗೆ ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ನಾನು ನಾಟಕಕ್ಕೆಂದು ಒಂದು ಸಲ ಕೂಗಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಸಿಡಿಲು ಬಡಿಯಿತು, ನಾಟಕ ಮರೆತುಹೋಗಿ ನಿಜವಾಗಿಯೇ “ಅತ್ತೇ” ಎಂದು ಕಿರುಚಿದೆ. ನಮ್ಮ ಮನೆಯವರು ಜಗಲಿಯಿಂದ ಒಳಗೆ ಓಡಿಬಂದು ಇನ್ವರ್ಟರಿಗೆ ಮೊಣಕಾಲು ಹೊಡೆಸಿಕೊಂಡು ಅದಕ್ಕೂ ಅದನ್ನು ಮಾಡಿದವನಿಗೂ ಸೇರಿಸಿ ಬಯ್ದರು. ಹಿತ್ತಿಲ ಬಾಗಿಲು ಗಾಳಿಗೆ ತೆರೆದುಕೊಂಡು ಗೋಡೆಗೆ ಬಡಿಯತೊಡಗಿತು. ನಾನು ಅಲ್ಲೇ ಕುಕ್ಕರಿಸಿದೆ.

“ಎಲ್ರೂ ಇದ್ದಲ್ಲೇ ನಿಂತ್ಕಳ್ರಿ” ಎಂದು ಅತ್ತೆಯ ದನಿ ಬಂತು. “ಯಾರೂ ಓಡಾಡಬ್ಯಾಡ್ರಿ. ನಾನ್ ಬರ್ತೀನಿ.”

ಆ ದನಿ ಕೇಳಿ ಎಷ್ಟು ದಿನವಾಗಿತ್ತು! ಮಂಚ ಕಿರುಗುಟ್ಟಿತು. ಹೆಜ್ಜೆ ಸದ್ದು ನನ್ನನ್ನು ದಾಟಿ ಹಿತ್ತಿಲ ಕಡೆ ಹೋಯಿತು, ಅಗಳಿ ಬಿದ್ದ ಸದ್ದಾಯಿತು, ಬಾಗಿಲು ಸುಮ್ಮನಾಯಿತು. ಹೆಜ್ಜೆ ವಾಪಸು ಬಂತು. ತಣ್ಣನೆಯ ಒಂದು ಕೈ ನನ್ನ ಭುಜ ಹುಡುಕಿ, ಅಲ್ಲಿಂದ ತಲೆಗೆ ಬಂದು ಒಂದು ಕ್ಷಣ ನಿಂತು, ನನ್ನನ್ನು ಎಬ್ಬಿಸಿ ಕಂಬದ ಹತ್ತಿರ ಕೂರಿಸಿತು. ನಮ್ಮ ಮನೆಯವರನ್ನೂ ಕೈಹಿಡಿದು ತಂದು ಕೂರಿಸಿದರು. ಅರವತ್ತು ದಾಟಿದ ಮಗ ಮೊಣಕಾಲು ಉಜ್ಜಿಕೊಳ್ಳುತ್ತ ಕೂತ. ಅತ್ತೆ ದೇವರ ಮನೆಗೆ ಹೋಗಿ ಹಣತೆ ತಂದು ಎಣ್ಣೆ ಹಾಕಿ ಬತ್ತಿ ಹೊಸೆದು ಹಚ್ಚಿದರು. ಬೆಳಕು ಅವರಿಗಲ್ಲ, ನಮಗೆ. ಮಂಡಕ್ಕಿಗೆ ಒಗ್ಗರಣೆ ಬಿತ್ತು. ಈರುಳ್ಳಿಯನ್ನು ಎಷ್ಟು ಸಣ್ಣಗೆ ಹೆಚ್ಚಿದ್ದರೆಂದರೆ ನಾನು ಕನ್ನಡಕ ಹಾಕಿಕೊಂಡು ಹಗಲಲ್ಲಿ ಹೆಚ್ಚಿದರೂ ಹಾಗೆ ಬರುವುದಿಲ್ಲ. ಅವರೂ ನಮ್ಮ ಜೊತೆ ಕೂತು ತಿಂದರು, ಎರಡನೇ ಸಲ ಹಾಕಿಸಿಕೊಂಡು ತಿಂದರು.

ಮಳೆ ಸಣ್ಣಗಾದ ಮೇಲೆ ಶಿವು ನೆನೆದುಕೊಂಡು ಬಂದ. ಊರಿನ ಎಷ್ಟೋ ಮನೆಗಳಲ್ಲಿ ತಾನು ಮಾರಿದ ಇನ್ವರ್ಟರಿನ ದೀಪ ಉರಿಯುತ್ತಿವೆ, ತನ್ನ ಮನೆಯಲ್ಲಿ ಹಣತೆ. ಅವನ ಮುಖ ನೋಡಲಾಗುತ್ತಿರಲಿಲ್ಲ. ಬ್ಯಾಟರಿ ಹೋಯಿತೋ ವೈರು ಸುಟ್ಟಿತೋ ನೋಡುತ್ತೇನೆಂದು ಮೊಬೈಲಿನ ಬೆಳಕು ಹಿಡಿದು ಓಣಿಯ ಕಡೆ ಹೊರಟ. ಅತ್ತೆ ಅವನ ಅಂಗಿ ಹಿಡಿದು ಎಳೆದು ಕೂರಿಸಿದರು.

“ಬಿಡೋ, ಬೆಳಿಗ್ಗೆ ನೋಡಿದ್ರಾತು. ಸಿಡ್ಲಿಗೆ ಅದೂ ನಿಮ್ಮವ್ವನಂಗೆ ಹೆದ್ರಿ ಕುಂತೈತೆ. ಮೊದ್ಲು ತಲೆ ಒರ್ಸ್ಕ.”

ತಟ್ಟೆ ತೊಳೆಯಲು ನಾನು ಅಡುಗೆಮನೆಗೆ ಹೋದಾಗ ಅತ್ತೆಯೂ ಹಿಂದೆಯೇ ಬಂದರು. ಒಲೆಕಟ್ಟೆಗೆ ಒರಗಿ ನಿಂತು, ದನಿ ತಗ್ಗಿಸಿ, ಹುಡುಗ ಮಲಗಿದ ಮೇಲೆ ಅದನ್ನು ಮೇಲೆ ಮಾಡಿಬಿಡು ಎಂದರು. ಪಾಪ, ಊರಿಗೆಲ್ಲ ಮಾರುವವನು, ಬೆಳಿಗ್ಗೆ ಬಿಚ್ಚಿ ಕೂತರೆ ಅಂಗಡಿ ತೆಗೆಯುವುದಕ್ಕೆ ಹೊತ್ತಾಗುತ್ತದೆ ಎಂದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ಹೇಳಿದರು, ನೀನು ಓಣಿಗೆ ಎರಡು ಸಲ ಹೋಗಿದ್ದು ಕೇಳಿತು, ಎರಡನೇ ಸಲ ಸ್ವಿಚ್ಚು ಟಿಕ್ ಎಂದಿದ್ದೂ ಕೇಳಿತು ಎಂದು.

ಮೋಸ ಮಾಡಿದೆ ಅತ್ತೆ, ತಪ್ಪಾಯಿತು ಎಂದೆ.

“ಗುಡುಗಂದ್ರೆ ಜೀವ ಬಿ​ಡೋಳು ನೀನು” ಎಂದರು ಅತ್ತೆ. “ಮೋಡ ನೋಡ್ಕಂಡೂ ಆರ್ಸಿದ್ಯಲ್ಲೇ, ಹುಚ್ಚಿ.”

ನನಗೆ ಅಳು ಬಂತು. ತಟ್ಟೆಯ ಮೇಲೆ ನೀರು ಬಿಟ್ಟು ಆ ಸದ್ದಿನಲ್ಲಿ ಅಳೋಣವೆಂದುಕೊಂಡೆ. ಅವರ ಕಿವಿಯಿಂದ ಏನನ್ನು ಮುಚ್ಚಿಡುವುದು? ಸುಮ್ಮನೆ ಅವರನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಅವರು ಬೆನ್ನು ಸವರುತ್ತ ನಿಂತಿದ್ದರು. ಹೊರಗೆ ಸೂರಿನ ನೀರು ತೊಟ್ಟಿಕ್ಕುತ್ತಿತ್ತು.

ಭಾನುವಾರ ಬೆಳಿಗ್ಗೆ ಹೊಸಬಾಳೆಯಿಂದ ಫೋನು ಬಂತು. ಕಾರು ಹೊರಟಿದೆ, ಅವ್ವನನ್ನು ತಯಾರು ಮಾಡಿ ಎಂದಳು ನಾಗವೇಣಿ. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಶಿವು ಇನ್ವರ್ಟರು ತನ್ನಷ್ಟಕ್ಕೇ ಸರಿಹೋದ ಸಂತೋಷದಲ್ಲಿ ಅದರ ಧೂಳು ಒರೆಸುತ್ತಿದ್ದ. ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಮಗಳ ಮಾತನ್ನೆಲ್ಲ ಪೂರ್ತಿ ಕೇಳಿದರು.

“ಕಾರ್ ವಾಪಸ್ ಕಳ್ಸು ನಾಗೀ” ಎಂದರು. “ಬರಾಕೆ ಆಗಲ್ಲ. ಈ ಮನೇಲಿ ಕರೆಂಟ್ ಭಾಳ ಹೋಗ್ತೈತೆ.”